ವೈನ್ ರುಚಿ ನೋಡುವುದನ್ನು ಕಲಿಯಲು ಎಲ್ಲಿಂದ ಆರಂಭಿಸಬೇಕು?

ಮೂಗಿನಿಂದ. ನಾಲಗೆಗೆ ತಿಳಿಯುವುದು ಸಿಹಿ, ಹುಳಿ, ಕಹಿಯಂಥ ಕೆಲವೇ ರುಚಿಗಳು, ಉಳಿದದ್ದೆಲ್ಲ ವಾಸನೆ. ನೆಗಡಿಯಾದಾಗ ತಿಳಿಸಾರು ಸಪ್ಪೆ ಎನಿಸುವುದು ಇದಕ್ಕೇ.

ಲೋಟದ ಮೂರನೇ ಒಂದು ಭಾಗದಷ್ಟು ಮಾತ್ರ ಸುರಿಯಿರಿ. ಮೊದಲು ಅಲುಗಿಸದೆ ಮೂಸಿ, ಆಮೇಲೆ ಲೋಟವನ್ನು ಮೇಜಿನ ಮೇಲಿಟ್ಟೇ ಗುಂಡಗೆ ತಿರುಗಿಸಿ ಇನ್ನೊಮ್ಮೆ ಮೂಸಿ. ಗಾಳಿ ತಾಗಿದ ವೈನ್ ಹೆಚ್ಚು ಪರಿಮಳ ಬಿಡುತ್ತದೆ. ನಂತರ ಒಂದು ಗುಟುಕನ್ನು ಬಾಯಿ ತುಂಬ ಆಡಿಸಿ. ಉಗುಳಿದರೂ ತಪ್ಪಿಲ್ಲ, ಪರಿಣತರು ಮಾಡುವುದೂ ಅದನ್ನೇ.

ಹುಳಿಯಿದ್ದರೆ ಬಾಯಲ್ಲಿ ನೀರೂರುತ್ತದೆ. ಕೆಂಪು ವೈನಿನಲ್ಲಿ ಒಸಡು ಒಣಗಿ ಬಿಗಿದಂತಾದರೆ ಅದು ಟ್ಯಾನಿನ್: ದ್ರಾಕ್ಷಿಯ ಸಿಪ್ಪೆ, ಬೀಜಗಳಿಂದ ಬಂದು ಜೊಲ್ಲಿನ ಪ್ರೋಟೀನಿಗೆ ಅಂಟಿಕೊಳ್ಳುವ ವಸ್ತು. ಹೊಸಬರು ಇದನ್ನು ಕಹಿಯೆಂದು ತಿಳಿಯುವುದುಂಟು. ಆದರೆ ಹಸಿ ಅಡಿಕೆ, ಬಾಳೆಕಾಯಿ ತಿಂದು ಬೆಳೆದ ನಮಗೆ ‘ಒಗರು’ ಎಂಬ ಒಂದೇ ಮಾತು ಸಾಕು.

ಒಂದೇ ಬಾಟಲಿಯಿಂದ ಕಲಿಯುವುದು ಕಷ್ಟ. ಎರಡನ್ನು ಪಕ್ಕಪಕ್ಕದಲ್ಲಿಟ್ಟು ಹೋಲಿಸಿ. ಬಿಳಿಯ ಸೋವಿನ್ಯೋನ್ ಬ್ಲಾಂಕ್, ಕೆಂಪು ಕ್ಯಾಬರ್ನೆ ಸೋವಿನ್ಯೋನ್ ಒಳ್ಳೆಯ ಜೋಡಿ. ನಂದಿ ಬೆಟ್ಟದ ಸುತ್ತಮುತ್ತ ಬೆಳೆದ ದ್ರಾಕ್ಷಿಯಿಂದ ಮಾಡಿದ ಇವೆರಡೂ ನಮ್ಮಲ್ಲೇ ಸಿಗುತ್ತವೆ. ಬಿಳಿಯದನ್ನು 8–12 ಡಿಗ್ರಿಗೆ ತಂಪು ಮಾಡಿ. ಕೆಂಪಿಗೆ 16–18 ಡಿಗ್ರಿ ಸಾಕು. ಕೆಂಪು ವೈನನ್ನು ಕೋಣೆಯ ಉಷ್ಣತೆಯಲ್ಲೇ ಕುಡಿಯಬೇಕೆಂಬ ಯುರೋಪಿನ ಮಾತನ್ನು ನಮ್ಮ ಏಪ್ರಿಲ್‌ನಲ್ಲಿ ಪಾಲಿಸಿದರೆ ಮದ್ಯದ ಘಾಟು ಮಾತ್ರ ಮೂಗಿಗೆ ಹೊಡೆಯುತ್ತದೆ.

ಅನಿಸಿದ್ದನ್ನು ಕೂಡಲೇ ಬರೆದಿಡಿ, ನಿಮ್ಮದೇ ಮಾತಿನಲ್ಲಿ. ಸೋವಿನ್ಯೋನ್ ಬ್ಲಾಂಕ್ ಮೂಸಿದಾಗ ಸೀಬೆಹಣ್ಣು ನೆನಪಾದರೆ ಸೀಬೆಹಣ್ಣು ಎಂದೇ ಬರೆಯಿರಿ. ಕಂಡೇ ಇರದ ವಿದೇಶಿ ಹಣ್ಣಿನ ಹೆಸರು ಬೇಡ.