ಸಂಪಾದಕರ ಉತ್ತರ: ಕೊನೇ ಮ್ಯಾಚಿಗೆ ಬೆಲೆ ಇರ್ಬೇಕು

ಓದುಗರೊಬ್ರು ಬರೆದಿದ್ದಾರೆ: "ಫುಟ್‌ಬಾಲ್ ವರ್ಲ್ಡ್ ಕಪ್‌ಗೆ 48 ತಂಡ ಬಂದ್ರೆ ನಿಮಗ್ಯಾಕೆ ಸಂಕಟ? ಚಿಕ್ಕ ದೇಶಗಳಿಗೂ ಚಾನ್ಸ್ ಸಿಗುತ್ತಲ್ವಾ. ಗ್ರೂಪಲ್ಲಿ ಮೂರನೇ ಸ್ಥಾನ ಬಂದೋರನ್ನ ಮುಂದಕ್ಕೆ ಬಿಡೋದು ತಪ್ಪು ಅಂತೀರಿ, 2016ರ ಯೂರೋ ಕಪ್ಪನ್ನ ಪೋರ್ಚುಗಲ್ ಹಾಗೇ ಬಂದು ಗೆದ್ದಿದ್ದು. ಫಾರ್ಮ್ಯಾಟ್ ಅನ್ನೋದು ಬರೀ ಲೆಕ್ಕ, ಆಟ ಆಟಾನೇ."

ನಿಮ್ಮ ಪತ್ರ ಖುಷಿ ಕೊಡ್ತು, ಯಾಕಂದ್ರೆ ಇಷ್ಟು ನೇರವಾಗಿ ಕೇಳೋರು ಕಮ್ಮಿ. ಮೊದಲು ನಿಮ್ಮ ಮಾತಲ್ಲಿ ಸರಿ ಇರೋದನ್ನ ಒಪ್ಕೋತೀನಿ. ಕೇಪ್ ವರ್ಡೆ, ಕ್ಯುರಸಾವೊ, ಜೋರ್ಡಾನ್, ಉಜ್ಬೇಕಿಸ್ತಾನ ಮೊದಲ ಸಲ ಅರ್ಹತೆ ಪಡೆದಿದ್ದು 2026ಕ್ಕೇ, ಅದು ಸಂತೋಷದ ವಿಷಯಾನೇ. ಹಳೇದೆಲ್ಲಾ ಚಿನ್ನ ಅಂತಾನೂ ನಾನು ಹೇಳಲ್ಲ, 1934ರಲ್ಲಿ ಗ್ರೂಪೇ ಇರ್ಲಿಲ್ಲ, ಬ್ರೆಜಿಲ್ ತಂಡ ಹಡಗಲ್ಲಿ ಸಮುದ್ರ ದಾಟಿ ಇಟಲಿಗೆ ಬಂದು ಸ್ಪೇನ್ ಕೈಲಿ 3-1ರಲ್ಲಿ ಸೋತು ಒಂದೇ ಮ್ಯಾಚಿಗೆ ವಾಪಸ್ ಹೋಯ್ತು. 1950ರಲ್ಲಿ ಫೈನಲ್ ಅಂತಾನೇ ಇಟ್ಟಿರ್ಲಿಲ್ಲ, ನಾಲ್ಕು ತಂಡದ ಕೊನೇ ಗ್ರೂಪ್ ಅಷ್ಟೇ.

ಆದ್ರೆ ಫಾರ್ಮ್ಯಾಟ್ ಬರೀ ಲೆಕ್ಕ ಅಂದ್ರಲ್ಲ, ಅಲ್ಲಿ ನಾನು ಸುಮ್ನಿರಲ್ಲ.

1982, ಸ್ಪೇನ್, ಗಿಹಾನ್ ಊರು. ಅಲ್ಜೀರಿಯಾ ಅದೇ ವರ್ಲ್ಡ್ ಕಪ್ಪಲ್ಲಿ ಪಶ್ಚಿಮ ಜರ್ಮನಿನ 2-1ರಲ್ಲಿ ಸೋಲಿಸಿತ್ತು, ಚಿಲಿನೂ ಸೋಲಿಸಿ ತನ್ನ ಮೂರೂ ಮ್ಯಾಚ್ ಮುಗಿಸಿ ಕೂತಿತ್ತು. ಮಾರನೇ ದಿನ ಜರ್ಮನಿ-ಆಸ್ಟ್ರಿಯಾ. ಜರ್ಮನಿ ಒಂದೋ ಎರಡೋ ಗೋಲಿಂದ ಗೆದ್ರೆ ಇಬ್ರೂ ಮುಂದಕ್ಕೆ, ಅಲ್ಜೀರಿಯಾ ಮನೆಗೆ, ಇದು ಎರಡೂ ತಂಡಕ್ಕೆ ಗೊತ್ತಿತ್ತು. ಹನ್ನೊಂದು ನಿಮಿಷ ಆಗೋಷ್ಟರಲ್ಲಿ ಜರ್ಮನಿಯ ಹ್ರುಬೆಶ್ ಗೋಲ್ ಹೊಡೆದ. ಆಮೇಲೆ ಚೆಂಡು ಹಿಂದಕ್ಕೆ, ಪಕ್ಕಕ್ಕೆ, ಮತ್ತೆ ಗೋಲ್‌ಕೀಪರ್ ಕೈಗೆ. ಅಲ್ಜೀರಿಯಾದ ಅಭಿಮಾನಿಗಳು ಮ್ಯಾಚ್ ಮಾರಾಟ ಆಗಿದೆ ಅಂತ ಗ್ಯಾಲರಿಲಿ ದುಡ್ಡಿನ ನೋಟು ಹಿಡ್ಕೊಂಡು ಆಡಿಸಿದ್ರು, ಅದಕ್ಕಿಂತ ಹೆಚ್ಚಿಗೆ ಅವ್ರು ಏನು ತಾನೇ ಮಾಡ್ಬಹುದಿತ್ತು ಹೇಳಿ. ಆ ಇಬ್ರೂ ಒಂದು ನಿಯಮಾನೂ ಮುರೀಲಿಲ್ಲ, ಅವ್ರಿಗೆ ಆ ಅವಕಾಶ ಕೊಟ್ಟಿದ್ದು ಫಾರ್ಮ್ಯಾಟು.

ಆಮೇಲೆ ಬುದ್ಧಿ ಬಂತು, ಗ್ರೂಪಿನ ಕೊನೇ ಎರಡು ಮ್ಯಾಚ್ ಒಂದೇ ಟೈಮಿಗೆ ಶುರು ಮಾಡಿದ್ರು. ಫುಟ್‌ಬಾಲಲ್ಲಿ ನನಗೆ ಅತ್ಯಂತ ಪ್ರೀತಿ ಇರೋದು ಆ ತೊಂಬತ್ತು ನಿಮಿಷದ ಮೇಲೇನೇ. 2022ರ ಡಿಸೆಂಬರ್ 1, ಟಿವಿಲಿ ಜಪಾನ್-ಸ್ಪೇನ್, ಫೋನಲ್ಲಿ ಅದೇ ಗ್ರೂಪಿನ ಜರ್ಮನಿ-ಕೋಸ್ಟರಿಕಾ ಹಾಕ್ಕೊಂಡು ಕೂತಿದ್ದೆ. ಜಪಾನ್ 2-1 ಮುಂದೆ, ಅಷ್ಟರಲ್ಲಿ 70ನೇ ನಿಮಿಷಕ್ಕೆ ಕೋಸ್ಟರಿಕಾನೂ 2-1! ಜರ್ಮನಿಯ ಹಾವರ್ಟ್ಜ್ ಸಮ ಮಾಡೋವರೆಗೂ, ಅಂದ್ರೆ ಮೂರು ನಿಮಿಷ, ಸ್ಪೇನ್ ಜರ್ಮನಿ ಎರಡೂ ಹೊರಗೆ. ನಾನು ಎದ್ದು ನಿಂತಿದ್ದೆ, ಕೂತ್ಕೋಬೇಕು ಅಂತ್ಲೂ ನೆನಪಾಗ್ಲಿಲ್ಲ. ಅದು ಸಾಧ್ಯ ಆಗಿದ್ದು ಗ್ರೂಪಿನ ನಾಲ್ಕು ತಂಡದಲ್ಲಿ ಎರಡೇ ಮುಂದಕ್ಕೆ ಅಂತ ಇದ್ದಿದ್ರಿಂದ. ಮೂರನೇಯವರಿಗೂ ಬಾಗಿಲು ತೆಗೆದಿಟ್ಟಿದ್ರೆ ಅಷ್ಟು ಹೊತ್ತು ಯಾರ ಉಸಿರೂ ನಿಲ್ತಿರ್ಲಿಲ್ಲ.

ಲೆಕ್ಕ ಅಂದ್ರಲ್ಲ, ಹಾಗಾದ್ರೆ ಲೆಕ್ಕಾನೇ ಮಾಡೋಣ. 1998ರಿಂದ 2022ರವರೆಗೂ 32 ತಂಡ, 48 ಗ್ರೂಪ್ ಮ್ಯಾಚ್ ಆಡಿಸಿ 16 ತಂಡನ ಮನೆಗೆ ಕಳಿಸ್ತಿದ್ರು. 48 ತಂಡದ ಪದ್ಧತಿಲಿ 12 ಗ್ರೂಪು, 72 ಮ್ಯಾಚು, ಪ್ರತಿ ಗ್ರೂಪಿನ ಮೊದಲೆರಡು ತಂಡದ ಜೊತೆ ಮೂರನೇ ಸ್ಥಾನದವ್ರಲ್ಲಿ ಚೆನ್ನಾಗಿ ಆಡಿದ ಎಂಟೂ ಮುಂದಕ್ಕೆ, ಹಾಗಾಗಿ ಮನೆಗೆ ಹೋಗೋದು ಅದೇ 16. ಇಪ್ಪತ್ತನಾಲ್ಕು ಮ್ಯಾಚ್ ಜಾಸ್ತಿ ಆಡಿ ಒಂದೇ ಒಂದು ತಂಡನೂ ಜಾಸ್ತಿ ಹೊರಗೆ ಹೋಗ್ಲಿಲ್ಲ ಅಂದ್ರೆ ಆ ಮ್ಯಾಚುಗಳು ಏನನ್ನ ತೀರ್ಮಾನ ಮಾಡಿದ್ವು? ಇನ್ನೊಂದು, ಗ್ರೂಪ್ ಒಳಗೆ ಒಂದೇ ಟೈಮಿಗೆ ಆಡಿಸ್ಬಹುದು, ಹನ್ನೆರಡೂ ಗ್ರೂಪನ್ನ ಒಟ್ಟಿಗೆ ಆಡಿಸಕ್ಕಾಗಲ್ಲ, ಹಾಗಾಗಿ ಕೊನೇಲಿ ಆಡೋ ಗ್ರೂಪಿನವ್ರಿಗೆ ಮೂರನೇ ಸ್ಥಾನಕ್ಕೆ ಎಷ್ಟು ಪಾಯಿಂಟ್ ಸಾಕು ಅಂತ ಮೊದಲೇ ಗೊತ್ತಿರುತ್ತೆ. ಗಿಹಾನಲ್ಲಿ ಮುಚ್ಚಿದ ಕಿಟಕಿನ ಮತ್ತೆ ತೆಗೆದ ಹಾಗೆ. ಮೂರು ಮೂರು ತಂಡದ 16 ಗ್ರೂಪು ಅಂತ ಮೊದಲು ಹೊರಟಿದ್ರು, ಅದಂತೂ ಇನ್ನೂ ಕೆಟ್ಟದು, 2023ರಲ್ಲಿ ಕೈಬಿಟ್ರು, ಅದಕ್ಕೆ ಮೆಚ್ಚುಗೆ ಸಲ್ಲಲೇಬೇಕು.

ನೀವು ಪೋರ್ಚುಗಲ್ ಹೆಸರು ತೆಗೆದ್ರಿ, ನಾನು 1986ರ ಉರುಗ್ವೆ ಹೆಸರು ತೆಗೀತೀನಿ. ಎರಡು ಡ್ರಾ, ಡೆನ್ಮಾರ್ಕ್ ಕೈಲಿ 6-1 ಸೋಲು, ಒಂದೂ ಗೆಲುವಿಲ್ಲ. ಸ್ಕಾಟ್ಲೆಂಡ್ ಮೇಲೆ ಅವರ ಆಟಗಾರ ಬಾಟಿಸ್ಟಾ ಒಂದು ನಿಮಿಷ ಆಗೋ ಮುಂಚೆ ರೆಡ್ ಕಾರ್ಡ್ ತಗೊಂಡು ಹೊರಗೆ ಹೋದ, ಉಳಿದ ಹತ್ತು ಜನ ಡ್ರಾ ಸಾಕು ಅಂತ 0-0ಗೇ ಅಂಟ್ಕೊಂಡು ಮೂರನೇ ಸ್ಥಾನದಲ್ಲಿ ಮುಂದಕ್ಕೆ ಹೋದ್ರು. ಪೋರ್ಚುಗಲ್ ಕೂಡ 2016ರಲ್ಲಿ ತನ್ನ ಗ್ರೂಪಲ್ಲಿ ಮೂರೂ ಡ್ರಾ ಮಾಡ್ಕೊಂಡಿತ್ತು, ಕಪ್ ಗೆದ್ದ ಖುಷೀಲಿ ಅದು ಮರೆತೇ ಹೋಯ್ತು ನಿಮಗೆ.

ನನಗೆ ಇದಕ್ಕಿಂತ ದೊಡ್ಡ ಬೇಜಾರು ಅಂದ್ರೆ ಎಲ್ಲಾ ಕಡೆ ಇದೇ ನಡೀತಿದೆ. ಯೂರೋ 1960ರಲ್ಲಿ 4 ತಂಡ, ಆಮೇಲೆ 8, 16, ಈಗ 24. ಆಫ್ರಿಕಾ ಕಪ್ 1957ರಲ್ಲಿ ಮೂರೇ ತಂಡದಿಂದ ಶುರುವಾಗಿ 2019ಕ್ಕೆ 24. ಯೂರೋಪಿನ ಕ್ಲಬ್‌ಗಳ ಚಾಂಪಿಯನ್ಸ್ ಲೀಗಿಗೆ 36 ತಂಡದ ಒಂದೇ ಪಟ್ಟಿ, ಕ್ಲಬ್ ವರ್ಲ್ಡ್ ಕಪ್ಪಿಗೆ 32. ಮ್ಯಾಚ್ ಜಾಸ್ತಿ ಆದ್ರೆ ದುಡ್ಡೂ ಜಾಸ್ತಿ, ಅದು ಅರ್ಥ ಆಗುತ್ತೆ, ಆದ್ರೆ ಓಡೋ ಕಾಲು ಅವೇ ಎರಡು, ಆಟಗಾರರ ಮೊಣಕಾಲಿನ ಬಗ್ಗೆ ಯಾರೂ ಕೇಳಲ್ಲ. ದೊಡ್ಡದು ಮಾಡೋದು ಸುಲಭ, ಒಂದು ಸಲ ದೊಡ್ಡದಾದ ಟೂರ್ನಮೆಂಟನ್ನ ಚಿಕ್ಕದು ಮಾಡಿದ್ದು ನಾನಂತೂ ನೋಡಿಲ್ಲ.

ಚಿಕ್ಕ ದೇಶಗಳ ಪರ ನಿಂತಿರೋ ನಿಮ್ಮ ಮನಸ್ಸು ಒಳ್ಳೇದು, ಅದಕ್ಕೇ ಒಂದು ಮಾತು ಕೇಳಿ. ಗಿಹಾನ್ ಮ್ಯಾಚನ್ನ ಒಂದ್ಸಲ ಪೂರ್ತಿ ನೋಡಿ, ಗೋಲ್ ಆದ ಮೇಲಿನ ಎಂಬತ್ತು ನಿಮಿಷಾನೂ, ಅಲ್ಜೀರಿಯಾದವ್ರ ಜಾಗದಲ್ಲಿ ಕೂತು. ಆಮೇಲೆ ಇನ್ನೊಂದು ಪತ್ರ ಬರೀರಿ, ಅದನ್ನೂ ಇದೇ ಪುಟದಲ್ಲಿ ಹಾಕ್ತೀನಿ.