ವರನಿಗೆ ಹೇಳಬೇಕೇ ಎಂಬ ಪ್ರಶ್ನೆ: ಒಂದು ಆಪ್ತಸಲಹೆ ಪ್ರಕರಣ

ಈ ಪ್ರಕರಣದಲ್ಲಿ ಹೆಸರು, ಊರು, ಉದ್ಯೋಗ ಮತ್ತು ಕುಟುಂಬದ ಕೆಲವು ವಿವರಗಳನ್ನು ಗುರುತು ಸಿಗದಂತೆ ಬದಲಿಸಲಾಗಿದ್ದು, ಬರೆಯುವುದಕ್ಕೆ ಆಕೆಯ ಒಪ್ಪಿಗೆಯನ್ನು ಪಡೆಯಲಾಗಿದೆ. ಆಕೆಯನ್ನು ಇಲ್ಲಿ ಸುಮಾ ಎಂದು ಕರೆಯುತ್ತೇನೆ. ವಯಸ್ಸು ಇಪ್ಪತ್ತಾರು, ಪತ್ತಿನ ಸಹಕಾರ ಸಂಘವೊಂದರಲ್ಲಿ ಗುಮಾಸ್ತೆಯ ಕೆಲಸ. ‘ಮದುವೆ ಎಂದರೆ ಹೆದರುತ್ತಾಳೆ ಮೇಡಂ, ಸ್ವಲ್ಪ ಬುದ್ಧಿ ಹೇಳಿ’ ಎಂದು ತಾಯಿಯೇ ಆಕೆಯನ್ನು ಕರೆತಂದಿದ್ದರು. ಗಂಡಿನ ಕಡೆಯವರು ನೋಡಲು ಬಂದಿದ್ದ ದಿನ ಕಾಫಿಯ ತಟ್ಟೆ ಹಿಡಿದು ನಡುಮನೆಗೆ ಬಂದ ಸುಮಾ, ವರನ ತಂದೆಯ ಪಕ್ಕದಲ್ಲಿ ಮನೆಯ ಹಿರಿಯ ಅಳಿಯನಾಗಿ ಕುಳಿತಿದ್ದ ಭಾವ ‘ಯಾಕಮ್ಮಾ, ಇಷ್ಟು ನಾಚಿಕೆ?’ ಎಂದು ನಕ್ಕದ್ದೇ ತಡ, ತಟ್ಟೆಯನ್ನು ನೆಲದ ಮೇಲಿಟ್ಟು ಬಚ್ಚಲುಮನೆ ಸೇರಿ ಬಾಗಿಲು ಹಾಕಿಕೊಂಡಿದ್ದಳು. ಬಂದವರಿಗೆ ಪಿತ್ತವಾಗಿದೆ ಎಂದು ಹೇಳಿ ಕಳಿಸಲಾಗಿತ್ತು.

ಜೊತೆಯಲ್ಲಿ ಬಂದವರನ್ನು ಹೊರಗೆ ಕೂರಿಸಿ, ಬಂದವಳನ್ನು ಒಬ್ಬಳನ್ನೇ ಮಾತನಾಡಿಸುವುದು ನನ್ನ ರೂಢಿ. ಎರಡನೆಯ ಭೇಟಿಯಲ್ಲಿ ಸುಮಾ ಹೇಳಿದ್ದು ಇಷ್ಟು. ಎರಡೂವರೆ ವರ್ಷದ ಹಿಂದೆ ಅಕ್ಕ ಬಾಣಂತನ ಮುಗಿಸಿ ಗಂಡನ ಮನೆಗೆ ಮರಳಿದಾಗ, ಕೂಸನ್ನು ನೋಡಿಕೊಳ್ಳಲು ನೆರವಾಗಲಿ ಎಂದು ತಾಯಿ ಇವಳನ್ನು ಜೊತೆಗೆ ಕಳಿಸಿದ್ದರು. ಅಲ್ಲಿ ಒಂದು ರಾತ್ರಿ ಭಾವ ಅತ್ಯಾಚಾರವೆಸಗಿದ. ಅಕ್ಕ ಪಕ್ಕದ ಕೋಣೆಯಲ್ಲಿ ಮಗುವಿನೊಂದಿಗೆ ಮಲಗಿದ್ದಳು. ಊರಿಗೆ ಮರಳಿದ ವಾರದೊಳಗೆ ಸುಮಾ ತಾಯಿಗೆ ಎಲ್ಲವನ್ನೂ ಹೇಳಿದ್ದಳು. ತಾಯಿ ಅಳುತ್ತಲೇ ಕೇಳಿದ ಮೊದಲ ಪ್ರಶ್ನೆ ‘ಕೂಗಿಕೊಳ್ಳಬಾರದಿತ್ತೇ?’ ಎಂಬುದು, ಹೇಳಿದ ಕೊನೆಯ ಮಾತು ‘ಯಾರ ಮುಂದೆಯೂ ಬಾಯಿ ಬಿಡಬೇಡ, ಅಕ್ಕನ ಸಂಸಾರ ಹಾಳಾಗುತ್ತದೆ’ ಎಂಬುದು. ಅಂದರೆ ಬುದ್ಧಿ ಹೇಳಿ ಎಂದು ನನ್ನಲ್ಲಿ ಕೇಳಿದವರಿಗೆ ಕಾರಣ ಮೊದಲೇ ತಿಳಿದಿತ್ತು.

ಕೂಗಲಿಲ್ಲವೇಕೆ ಎಂಬ ಪ್ರಶ್ನೆಯನ್ನು ಸುಮಾ ತನ್ನನ್ನು ತಾನೇ ಅಷ್ಟೂ ಕಾಲ ಕೇಳಿಕೊಂಡಿದ್ದಳು. ಅವಳಿಗೆ ನೆನಪಿದ್ದ ಉತ್ತರ ಅವಳಿಗೇ ಅಸಂಬದ್ಧವಾಗಿ ಕಾಣುತ್ತಿತ್ತು: ‘ಮಗು ಎದ್ದುಬಿಡುತ್ತದೆ ಅನ್ನಿಸಿತು ಮೇಡಂ. ಆಮೇಲೆ ಕೈಕಾಲು ನನ್ನದಲ್ಲ ಅನ್ನುವ ಹಾಗಾಯಿತು.’ ಪಾರಾಗುವ ದಾರಿಯಿಲ್ಲವೆಂದು ಕಂಡಾಗ ದೇಹ ತಾನಾಗಿಯೇ ಮರಗಟ್ಟುವುದು, ದನಿ ಹೊರಡದಿರುವುದು ಇಚ್ಛೆಗೆ ಒಳಪಟ್ಟ ಸಂಗತಿಯಲ್ಲ ಎಂದು ವಿವರಿಸಿದೆ. ಸ್ಟಾಕ್‌ಹೋಮಿನ ತುರ್ತು ಚಿಕಿತ್ಸಾಲಯವೊಂದಕ್ಕೆ ಅತ್ಯಾಚಾರದ ನಂತರ ಬಂದ 298 ಮಹಿಳೆಯರ ಅಧ್ಯಯನ 2017ರಲ್ಲಿ ಪ್ರಕಟವಾಗಿದ್ದು, ಅವರಲ್ಲಿ ಶೇ. 70ರಷ್ಟು ಮಂದಿ ಇಂಥ ಗಣನೀಯ ಮರಗಟ್ಟುವಿಕೆಯನ್ನು ಅನುಭವಿಸಿದ್ದರು ಎಂದು ತಿಳಿಸಿದಾಗ ಅವಳು ಆ ಸಂಖ್ಯೆಯನ್ನು ಮತ್ತೊಮ್ಮೆ ಹೇಳಿಸಿಕೊಂಡಳು. ಕಾನೂನು ಕೂಡ ಇದನ್ನು ಒಪ್ಪಿದೆ: ದೈಹಿಕವಾಗಿ ಪ್ರತಿರೋಧಿಸಲಿಲ್ಲ ಎಂಬ ಒಂದೇ ಕಾರಣಕ್ಕೆ ಹೆಣ್ಣು ಸಮ್ಮತಿಸಿದ್ದಳೆಂದು ತಿಳಿಯಬಾರದು ಎಂಬ ಮಾತು ದಂಡ ಸಂಹಿತೆಯ 2013ರ ತಿದ್ದುಪಡಿಯಲ್ಲಿ ಸ್ಪಷ್ಟವಾಗಿ ಸೇರಿತು. ಆದರೂ ‘ನೊಂದವಳು ಹೀಗೆ ನಡೆದುಕೊಳ್ಳಬೇಕು’ ಎಂಬ ಮಾದರಿ ಎಷ್ಟು ಆಳವಾಗಿ ಬೇರೂರಿದೆಯೆಂದರೆ, 2020ರ ಜೂನ್‌ನಲ್ಲಿ ನಮ್ಮದೇ ಹೈಕೋರ್ಟಿನ ನಿರೀಕ್ಷಣಾ ಜಾಮೀನಿನ ಆದೇಶವೊಂದರಲ್ಲಿ, ಕೃತ್ಯದ ನಂತರ ದಣಿದು ನಿದ್ದೆಹೋದೆ ಎಂಬ ದೂರುದಾರಳ ವಿವರಣೆ ಭಾರತೀಯ ಹೆಣ್ಣಿಗೆ ತಕ್ಕುದಲ್ಲ ಎಂಬರ್ಥದ ವಾಕ್ಯವೇ ಬಂದಿತ್ತು. ಟೀಕೆ ಎದ್ದ ಮೇಲೆ ಕೆಲವೇ ದಿನಗಳಲ್ಲಿ ನ್ಯಾಯಾಲಯ ಅದನ್ನು ತೆಗೆದುಹಾಕಿತು. ಕಾನೂನು ಓದಿದವರ ಬರವಣಿಗೆಯಲ್ಲೇ ಅದು ನುಸುಳಿತ್ತೆಂದ ಮೇಲೆ, ಹಳ್ಳಿಯ ತಾಯಿಯೊಬ್ಬಳ ಬಾಯಲ್ಲಿ ಬಂದದ್ದಕ್ಕೆ ನಾನು ಅವರನ್ನು ಗದರುವುದು ನ್ಯಾಯವಾಗುತ್ತಿರಲಿಲ್ಲ.

ಮೂರನೆಯ ಭೇಟಿಯನ್ನು ತಾಯಿಗೇ ಮೀಸಲಿಟ್ಟೆ. ಅವರ ಪ್ರಶ್ನೆಗಳು ನೇರವಾಗಿದ್ದವು. ‘ಮೊದಲ ರಾತ್ರಿ ಹುಡುಗನಿಗೆ ಗೊತ್ತಾಗಿಬಿಡುತ್ತದೆಯೇ?’ ಇಲ್ಲ ಎಂದೆ. ಕನ್ಯತ್ವವನ್ನು ದೇಹ ನೋಡಿ ಹೇಳಲು ವೈದ್ಯರಿಗೂ ಸಾಧ್ಯವಿಲ್ಲ, ಅದಕ್ಕೆಂದೇ ಇದ್ದ ಎರಡು ಬೆರಳಿನ ಪರೀಕ್ಷೆಯನ್ನು ಸುಪ್ರೀಂ ಕೋರ್ಟ್ 2013ರಲ್ಲಿ ಖಂಡಿಸಿ, 2022ರಲ್ಲಿ ಅದನ್ನು ಮಾಡುವವರು ದುರ್ನಡತೆಯ ತಪ್ಪಿತಸ್ಥರು ಎಂದಿದೆ. ‘ಹಾಗಾದರೆ ಹೇಳದೇ ಇರಲಿ, ಅಥವಾ ಮೊದಲೇ ಒಪ್ಪಿಕೊಂಡು ಕಾಲಿಗೆ ಬೀಳಲಿ, ಎರಡರಲ್ಲಿ ಯಾವುದು ಸರಿ?’ ಎಂಬುದು ಅವರ ಮುಂದಿನ ಮಾತು. ನನಗೆ ಇಡೀ ಪ್ರಕರಣದ ಗಂಟು ಇಲ್ಲೇ ಇದೆ ಎನಿಸಿತು. ಅಳಿಯನ ಅಪರಾಧ ಈ ಮನೆಯಲ್ಲಿ ಎರಡೂವರೆ ವರ್ಷ ಕಳೆಯುವಷ್ಟರಲ್ಲಿ ಮಗಳು ತಪ್ಪೊಪ್ಪಿಕೊಳ್ಳಬೇಕಾದ ವಿಷಯವಾಗಿ ಮಾರ್ಪಟ್ಟಿತ್ತು. ‘ಅಮ್ಮಾ, ಅವಳು ಯಾರ ಕಾಲಿಗೂ ಬೀಳಬೇಕಾಗಿಲ್ಲ. ನೀವು ಇವತ್ತಿಗೂ ಮಣೆ ಹಾಕಿ ಬಡಿಸುತ್ತಿರುವುದು ಯಾರಿಗೆ ಎಂಬುದನ್ನು ಮೊದಲು ಯೋಚಿಸಿ’ ಎಂದೆ. ಅವರು ಬಹಳ ಹೊತ್ತು ಮಾತನಾಡಲಿಲ್ಲ. ಆಮೇಲೆ ಹೇಳಿದ್ದು, ‘ಅವನು ತಮಾಷೆಯ ಮನುಷ್ಯ, ಎಲ್ಲರೆದುರೇ ಇವಳ ಜಡೆ ಎಳೆಯುತ್ತಿದ್ದ, ನಾವೂ ನಗುತ್ತಿದ್ದೆವು.’

ಭಾವ ಮತ್ತು ನಾದಿನಿಯ ನಡುವಿನ ಕೀಟಲೆಗೆ ನಮ್ಮ ಮನೆಗಳು ಧಾರಾಳವಾಗಿ ಅವಕಾಶ ಕೊಟ್ಟಿವೆ. ಮುಖ ಸಿಂಡರಿಸಿದ ಹುಡುಗಿಗೇ ಬಿಗುಮಾನದವಳೆಂಬ ಹೆಸರು ಬರುತ್ತದೆ. ಎಲ್ಲ ಕೀಟಲೆಯೂ ಇಲ್ಲಿಗೇ ಮುಟ್ಟುತ್ತದೆ ಎನ್ನಲಾರೆ, ಆದರೆ ಬೇಡವೆಂದಾಗ ನಿಲ್ಲಿಸದವನನ್ನು ನೋಡಿ ಮನೆಮಂದಿ ನಕ್ಕರೆ ಆ ಹುಡುಗಿ ಮುಂದೆ ಯಾರನ್ನು ಕೂಗಬೇಕು? ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ 2021ರ ವರದಿಯಂತೆ ಆ ವರ್ಷ ದಾಖಲಾದ 31,677 ಅತ್ಯಾಚಾರ ಪ್ರಕರಣಗಳ ಪೈಕಿ ಶೇ. 96ಕ್ಕೂ ಹೆಚ್ಚಿನವುಗಳಲ್ಲಿ ಆರೋಪಿ ಪರಿಚಿತನೇ. ವಿಚಿತ್ರವೆಂದರೆ, ಸಂಬಂಧಿ ಅಥವಾ ನಂಬಿಕೆಯ ಸ್ಥಾನದಲ್ಲಿದ್ದವನು ಎಸಗಿದರೆ ಕಾನೂನು ಅದನ್ನು ಹೆಚ್ಚು ಘೋರವೆಂದು ಎಣಿಸಿ ಕನಿಷ್ಠ 10 ವರ್ಷದ ಶಿಕ್ಷೆ ವಿಧಿಸುತ್ತದೆ. ಮನೆಯವರು ಅದೇ ಸಂಬಂಧವನ್ನು ಬಾಯಿ ಮುಚ್ಚಿಸಲು ಬಳಸುತ್ತಾರೆ.

ಸುಮಾಳಿಗೆ ಕೊಟ್ಟ ಸಲಹೆಯಲ್ಲಿ ಮೊದಲ ಸ್ಥಾನ ಸುರಕ್ಷತೆಗೆ. ಅವಳಿರುವ ಮನೆಗೆ ಭಾವ ಬರಬಾರದು, ಮತ್ತು ಅದನ್ನು ಅವನಿಗೆ ಹೇಳುವ ಹೊಣೆ ಅವಳದಲ್ಲ, ತಾಯಿಯದು. ವರನಿಗೆ ಹೇಳುವ ವಿಚಾರದಲ್ಲಿ, ಹೇಳಲೇಬೇಕೆಂಬ ಕಟ್ಟುಪಾಡು ಇಲ್ಲ. ನೋಡಲು ಬಂದ ದಿನವೋ ನಿಶ್ಚಯದ ಮುನ್ನಾದಿನವೋ ಒತ್ತಡದಲ್ಲಿ ಹೇಳುವಂಥದ್ದಂತೂ ಅಲ್ಲ. ಒಬ್ಬನ ಮೇಲೆ ನಂಬಿಕೆ ಹುಟ್ಟಿ, ಹೇಳಿದರೆ ಹಗುರವಾದೀತೆಂದು ಅವಳಿಗೇ ಅನ್ನಿಸಿದರೆ, ‘ನನ್ನ ಮೇಲೆ ಒಬ್ಬ ಅತ್ಯಾಚಾರ ಮಾಡಿದ್ದಾನೆ’ ಎಂದು ಕರ್ತೃವನ್ನು ಮುಂದಿಟ್ಟು ಹೇಳಬಹುದು, ವಿವರ ಕೊಡದಿರುವ ಹಕ್ಕು ಅವಳಿಗಿದೆ. ಕೇಳಿದವನು ‘ಇದು ಇನ್ನಾರಿಗೆ ಗೊತ್ತು?’ ಎನ್ನುತ್ತಾನೋ ‘ನೀನು ಈಗ ಹೇಗಿದ್ದೀಯ?’ ಎನ್ನುತ್ತಾನೋ ಎಂಬುದನ್ನು ಗಮನಿಸಬೇಕು. ಆ ವಾಕ್ಯವನ್ನು ನನ್ನೆದುರು ಹೇಳಿ ಅಭ್ಯಾಸ ಮಾಡಿದಾಗ ಅವಳು ಮೊದಲೆರಡು ಸಲ ‘ನನಗೆ ಹೀಗಾಯಿತು’ ಎಂದೇ ಹೇಳಿದಳು.

ದೂರಿನ ಬಗ್ಗೆ ಆತುರಪಡಿಸಲಿಲ್ಲ. ಘಟನೆಯ ವೇಳೆ ಅವಳು 18 ತುಂಬದವಳಾಗಿದ್ದರೆ 2012ರ ಪೋಕ್ಸೋ ಕಾಯ್ದೆಯ ಪ್ರಕಾರ ನಾನೇ ಪೊಲೀಸರಿಗೆ ತಿಳಿಸಬೇಕಿತ್ತು. ವಯಸ್ಕಳಾದ್ದರಿಂದ ತೀರ್ಮಾನ ಅವಳದು. ಅತ್ಯಾಚಾರದ ದೂರಿಗೆ ಕಾಲಮಿತಿಯಿಲ್ಲ. ವೈದ್ಯಕೀಯ ಸಾಕ್ಷ್ಯ ಈಗ ಸಿಗದಿದ್ದರೂ, ನಂಬಲರ್ಹವಾದರೆ ಸಂತ್ರಸ್ತೆಯೊಬ್ಬಳ ಹೇಳಿಕೆಯ ಮೇಲೆಯೇ ಶಿಕ್ಷೆ ವಿಧಿಸಬಹುದೆಂದು ಸುಪ್ರೀಂ ಕೋರ್ಟ್ 1996ರ ಗುರ್ಮಿತ್ ಸಿಂಗ್ ಪ್ರಕರಣದಲ್ಲಿ ಹೇಳಿದೆ. ಕೃತ್ಯ ಹೊಸ ಭಾರತೀಯ ನ್ಯಾಯ ಸಂಹಿತೆ ಜಾರಿಗೆ ಬಂದ 2024ರ ಜುಲೈ 1ಕ್ಕಿಂತ ಹಿಂದಿನದಾದ್ದರಿಂದ ಹಳೆಯ ದಂಡ ಸಂಹಿತೆಯೇ ಅನ್ವಯಿಸುತ್ತದೆ. ಅವಳ ಗುರುತನ್ನು ಬಹಿರಂಗಪಡಿಸುವುದು ಶಿಕ್ಷಾರ್ಹ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಹೆಣ್ಣುಮಕ್ಕಳಿಗೆ ಆದಾಯದ ಮಿತಿಯಿಲ್ಲದೆ ಉಚಿತವಾಗಿ ವಕೀಲರು ಸಿಗುತ್ತಾರೆ; ಮಹಿಳಾ ಸಹಾಯವಾಣಿ 181ಕ್ಕೆ ಕರೆ ಮಾಡಿದರೆ, ನೊಂದ ಹೆಣ್ಣುಮಕ್ಕಳಿಗೆ ನೆರವಾಗುವ ಸಖಿ ಕೇಂದ್ರದ ವಿಳಾಸ ದೊರೆಯುತ್ತದೆ. ನೆನಪಿರುವುದನ್ನು ತಾರೀಕು ಹಾಕಿ ತನ್ನ ಕೈಬರಹದಲ್ಲಿ ಬರೆದಿಡು ಎಂದೆ. ರಾಜಿಗೆ ಹಿರಿಯರನ್ನು ಕೂರಿಸುವ ಮಾತನ್ನು ಸೋದರಮಾವ ಎತ್ತಿದ್ದರಂತೆ. ಅತ್ಯಾಚಾರದಲ್ಲಿ ರಾಜಿಗೆ ಎಡೆಯಿಲ್ಲ ಎಂದು ಅವರಿಗೆ ಫೋನಿನಲ್ಲಿ ನಾನೇ ತಿಳಿಸಿದೆ.

ಸಂಬಂಧವನ್ನು ಸದ್ಯಕ್ಕೆ ಮುಂದೂಡಲಾಗಿದೆ. ಗೌರಿ ಹಬ್ಬಕ್ಕೆ ಹಿರಿಮಗಳನ್ನೂ ಅಳಿಯನನ್ನೂ ಕರೆಯುವ ಬದಲು ತಾಯಿಯೇ ಬಾಗಿನ ತೆಗೆದುಕೊಂಡು ಹೋಗಿ ಕೊಟ್ಟು ಬಂದರು, ಕಾರಣ ಕೇಳಿದ ಅಳಿಯನಿಗೆ ‘ನಿನಗೇ ಗೊತ್ತು’ ಎಂದರಂತೆ. ಸುಮಾ ಕಾನೂನು ಪ್ರಾಧಿಕಾರದ ವಕೀಲೆಯೊಬ್ಬರನ್ನು ಭೇಟಿಯಾಗಿದ್ದಾಳೆ, ದೂರು ಇನ್ನೂ ಕೊಟ್ಟಿಲ್ಲ. ಬಾಗಿಲ ಚಿಲಕವನ್ನು ಮತ್ತೆ ಮತ್ತೆ ನೋಡುವುದು ಕಡಿಮೆಯಾಗಿದೆ, ನಿದ್ದೆ ಪೂರ್ತಿ ಸುಧಾರಿಸಿಲ್ಲವಾದ್ದರಿಂದ ಮನೋವೈದ್ಯರ ಬಳಿ ಕಳಿಸಿದ್ದೇನೆ. ಅಕ್ಕನಿಗೆ ಹೇಳುವುದು ಬಾಕಿ ಇದೆ. ಅವಳಿಗೂ ಹೆಣ್ಣು ಮಗುವಿದೆ ಎಂಬುದು ನನ್ನ ಮನಸ್ಸಿನಲ್ಲಿದ್ದರೂ ಅದನ್ನು ಸುಮಾಳ ಮೇಲೆ ಹೇರುವ ಹೊರೆಯಾಗಿಸಿಲ್ಲ. ಯಾರು, ಯಾವಾಗ, ಎಷ್ಟು ಹೇಳಬೇಕೆಂಬುದನ್ನು ಮುಂದಿನ ಭೇಟಿಯಲ್ಲಿ ತಾಯಿ ಮಗಳಿಬ್ಬರನ್ನೂ ಒಟ್ಟಿಗೆ ಕೂರಿಸಿ ಮಾತನಾಡಲಿದ್ದೇವೆ.