ಎದೆಬಡಿತದ ಮಾತ್ರೆ ಅಮಿಯೊಡರೋನ್: ನೀವು ಕೇಳಿದ್ದು, ಡಾಕ್ಟರು ಹೇಳಿದ್ದು

ಹೋದ ಸಂಚಿಕೆಯಲ್ಲಿ ಎದೆಬಡಿತ ಏರುಪೇರಾಗೋ ಏಟ್ರಿಯಲ್ ಫಿಬ್ರಿಲೇಷನ್ ಬಗ್ಗೆ ಬರೆದಿದ್ವಿ. ಅದಾದ್ಮೇಲೆ ಬಂದ ಪ್ರಶ್ನೆಗಳಲ್ಲಿ ಸುಮಾರು ಈ ಒಂದೇ ಮಾತ್ರೆ ಬಗ್ಗೆ ಇದ್ದಿದ್ರಿಂದ ಈ ಸಲ ಪೂರ್ತಿ ಅದಕ್ಕೇ ಮೀಸಲು.

ಪ್ರಶ್ನೆ: ಡಾಕ್ಟ್ರ, ನಮ್ಮ ಅಪ್ಪಾರಿಗೆ 67 ವರ್ಷ, ಬೈಪಾಸ್ ಆಗಿ ಎರಡ ವರ್ಷ ಆತು. ಆಪರೇಷನ್ ಆದ ಮೂರನೇ ದಿನ ಎದಿ ಬಡಿತ ಎರ್ರಾಬಿರ್ರಿ ಆತಂತ ಅಮಿಯೊಡರೋನ್ 200 ಶುರು ಮಾಡಿದ್ರು, ಈಗೂ ದಿನಾ ಒಂದ ತಗೋತಾರ, ಹಳೇ ಚೀಟಿ ತೋರಿಸಿದ್ರ ಮೆಡಿಕಲ್‌ದಾಗ ಕೊಡ್ತಾರ. ಒಂದೆರಡ ತಿಂಗಳಿಂದ ಒಣ ಕೆಮ್ಮು ಹತ್ತೇತಿ, ಮಾಳಿಗಿ ಮೆಟ್ಟಲ ಏರಿದ್ರ ದಮ್ಮು ಬರತೈತಿ. ಸಿರಪ್ ಎರಡ ಬಾಟ್ಲಿ ಮುಗದಾವು. ಗುಳಿಗಿ ಬಿಡಸಲೇನ್ರಿ? - ಹುಬ್ಬಳ್ಳಿ

ಉತ್ತರ: ಸಿರಪ್ ಸಾಕು ಮಾಡಿ, ನಾಳೇನೇ ಅಪ್ಪಾರನ್ನ ಹಾರ್ಟ್ ಡಾಕ್ಟರ ಹತ್ರ ಕರ್ಕೊಂಡು ಹೋಗಿ. ಕೂತಲ್ಲೇ ಉಸಿರು ಕಟ್ಟೋ ಹಾಗಾದ್ರೆ ನಾಳೆವರೆಗೂ ಕಾಯ್ಬೇಡಿ, ಸೀದಾ ಎಮರ್ಜೆನ್ಸಿಗೆ. ಈ ಮಾತ್ರೆ ಕೆಲವರಿಗೆ ಶ್ವಾಸಕೋಶದಲ್ಲಿ ಉರಿಯೂತ ತರುತ್ತೆ, ಶುರುವಾಗೋದು ನೀವು ಬರೆದ ಹಾಗೇನೇ, ಒಣ ಕೆಮ್ಮು, ಹತ್ತೋವಾಗ ಏದುಸಿರು, ಕೆಲವರಿಗೆ ಸಣ್ಣ ಜ್ವರ. ತಡ ಮಾಡಿದ್ರೆ ಶ್ವಾಸಕೋಶ ಗಟ್ಟಿಯಾಗಿ ಮೊದಲಿನಂತಾಗಲ್ಲ. ಹಾಗಂತ ಇದೇ ಕಾರಣ ಅಂತ ನಾನಿಲ್ಲಿ ಕೂತು ಹೇಳೋಕಾಗಲ್ಲ, ಹಾರ್ಟ್ ವೀಕ್ ಆದ್ರೂ ಇನ್ಫೆಕ್ಷನ್ ಆದ್ರೂ ಹೀಗೇ ಆಗುತ್ತೆ, ಅದಕ್ಕೆ ಎಕ್ಸ್‌ರೇ, ಎಕೋ, ಬೇಕಾದ್ರೆ ಎದೆ ಸಿಟಿ ಸ್ಕ್ಯಾನ್ ಮಾಡ್ತಾರೆ. ಈ ಮಾತ್ರೆದೇ ತೊಂದರೆ ಅಂತಾದ್ರೆ ನಿಲ್ಲಿಸ್ತಾರೆ, ಎಷ್ಟೋ ಜನಕ್ಕೆ ಸ್ಟಿರಾಯ್ಡ್ ಕೂಡ ಕೊಡ್ಬೇಕಾಗುತ್ತೆ.

ಇನ್ನೊಂದು ಮಾತು, ಇದು ಎಲ್ಲರೂ ಕೇಳಿಸ್ಕೊಬೇಕಾದ್ದು. ಬೈಪಾಸ್ ಆದ ಮೇಲೆ ಬಡಿತ ತಪ್ಪೋದು ತೀರಾ ಸಾಮಾನ್ಯ, ಹೆಚ್ಚಿನವರಿಗೆ ಕೆಲವೇ ವಾರದಲ್ಲಿ ಸರಿಹೋಗುತ್ತೆ. ಹಾಗಾಗಿ ಮಾತ್ರೇನ ಸಾಮಾನ್ಯವಾಗಿ 6ರಿಂದ 12 ವಾರದೊಳಗೆ ನಿಲ್ಲಿಸ್ತಾರೆ, ಬೇರೆ ಕಾರಣ ಇದ್ರೆ ಮಾತ್ರ ಮುಂದುವರಿಸ್ತಾರೆ. ಅಪ್ಪಾರಿಗೆ ಎರಡು ವರ್ಷ ಯಾಕೆ ನಡೀತಿದೆ ಅಂತ ಡಾಕ್ಟರನ್ನ ನೇರವಾಗಿ ಕೇಳಿ. ನನಗೆ ಕಾಣೋ ಮಟ್ಟಿಗೆ ಈ ಔಷಧಿಯಿಂದ ಆಗೋ ಅನಾಹುತದಲ್ಲಿ ದೊಡ್ಡ ಪಾಲು ಔಷಧಿದಲ್ಲ, "ಅದೇ ಕಂಟಿನ್ಯೂ ಮಾಡಿ" ಅನ್ನೋ ಚೀಟಿದು.

ಪ್ರಶ್ನೆ: ಇಷ್ಟೆಲ್ಲ ಸೈಡ್ ಎಫೆಕ್ಟ್ ಇರೋ ಮಾತ್ರೇನ ಯಾಕೆ ಸರ್ ಕೊಡ್ತಾರೆ? ಗೂಗಲ್‌ನಲ್ಲಿ ಓದಿ ನಿದ್ದೇನೇ ಬರ್ಲಿಲ್ಲ. - ದಾವಣಗೆರೆ

ಉತ್ತರ: ಯಾಕಂದ್ರೆ ವೀಕ್ ಆಗಿರೋ ಹಾರ್ಟ್‌ಗೆ ಧೈರ್ಯವಾಗಿ ಕೊಡಬಹುದಾದ ಬಡಿತದ ಔಷಧಿಗಳು ತುಂಬಾ ಕಮ್ಮಿ. 1989ರಲ್ಲಿ ಅಮೆರಿಕದ ಕ್ಯಾಸ್ಟ್ ಅನ್ನೋ ಅಧ್ಯಯನ ದೊಡ್ಡ ಶಾಕ್ ಕೊಡ್ತು, ಹಾರ್ಟ್ ಅಟ್ಯಾಕ್ ಆದವರಿಗೆ ಬಡಿತ ಸರಿ ಮಾಡೋಕೆ ಅಂತ ಕೊಟ್ಟ ಫ್ಲೆಕೈನೈಡ್, ಎನ್‌ಕೈನೈಡ್‌ನಿಂದ ಬಡಿತ ಸರಿಯಾದ್ರೂ ಸಾವು ಜಾಸ್ತಿ ಆಗಿತ್ತು. ಅಮಿಯೊಡರೋನ್‌ಗೆ ಆ ದೋಷ ಕಮ್ಮಿ. 1961ರ ಸುಮಾರಿಗೆ ಬೆಲ್ಜಿಯಂನಲ್ಲಿ ಇದನ್ನ ಕಂಡುಹಿಡಿದಿದ್ದು ಎದೆನೋವಿಗೆ, ಬಡಿತಕ್ಕೂ ಕೆಲಸ ಮಾಡುತ್ತೆ ಅಂತ ಆಮೇಲೆ ಗೊತ್ತಾಯ್ತು. ಹಾರ್ಟ್‌ನ ಕೆಳಗಿನ ಕೋಣೆಯಿಂದ ಬರೋ ಅಪಾಯದ ಬಡಿತಕ್ಕೆ, ಬೇರೆ ಔಷಧಿಗೆ ಬಗ್ಗದ ಏಟ್ರಿಯಲ್ ಫಿಬ್ರಿಲೇಷನ್‌ಗೆ, ಐಸಿಡಿ (ಬಡಿತ ಅಪಾಯಕ್ಕೆ ತಿರುಗಿದ್ರೆ ಒಳಗಿಂದಲೇ ಶಾಕ್ ಕೊಡೋ, ಮೈಯೊಳಗೆ ಕೂರಿಸೋ ಯಂತ್ರ) ಹಾಕಿಸ್ಕೊಂಡವರಿಗೆ ಪದೇ ಪದೇ ಶಾಕ್ ಹೊಡೀತಿದ್ರೆ ಅದನ್ನ ಕಮ್ಮಿ ಮಾಡೋಕೆ ಕೊಡ್ತಾರೆ. ಹಾರ್ಟ್ ನಿಂತು ಶಾಕ್ ಕೊಟ್ರೂ ಸರಿಹೋಗದಿದ್ರೆ ಎಮರ್ಜೆನ್ಸಿಯಲ್ಲಿ 300 ಮಿಲಿಗ್ರಾಂ ನರಕ್ಕೆ ಕೊಡೋದೂ ಇದನ್ನೇ, ಬೇಕಾದ್ರೆ ಮತ್ತೆ 150. ಆದ್ರೆ ಇದು ಐಸಿಡಿಗೆ ಬದಲಿ ಅಲ್ಲ. ಹಾರ್ಟ್ ಫೇಲ್ಯೂರ್ ಇರೋರ ಮೇಲೆ ಮಾಡಿದ, 2005ರಲ್ಲಿ ಬಂದ ದೊಡ್ಡ ಅಧ್ಯಯನದಲ್ಲಿ ಐಸಿಡಿ ಹಾಕಿಸ್ಕೊಂಡವರಲ್ಲಿ ಸಾವು 23% ಕಮ್ಮಿ ಆಯ್ತು, ಈ ಮಾತ್ರೆ ತಗೊಂಡವರಲ್ಲಿ ಔಷಧಿ ಇಲ್ಲದ ಖಾಲಿ ಮಾತ್ರೆ ತಗೊಂಡವರಿಗಿಂತ ವ್ಯತ್ಯಾಸ ಕಾಣಲಿಲ್ಲ. ಗೂಗಲ್ ಬಿಟ್ಟು ನಿಮ್ಮ ಚೀಟೀಲಿ ಯಾವ ಕಾರಣಕ್ಕೆ ಬರ್ದಿದ್ದಾರೆ ಅಂತ ನೋಡಿ, ಆಮೇಲೆ ನಿದ್ದೆ ಕೆಡಿಸ್ಕೊಳ್ಳೋದೋ ಬೇಡ್ವೋ ಯೋಚಿಸೋಣ.

ಪ್ರಶ್ನೆ: ನಂಗೆ 58 ವರ್ಷ. ಈ ಮಾತ್ರೆ ಶುರುವಾಗಿ ಏಳು ತಿಂಗಳು. ಸುಸ್ತು, ಚಳಿ, ಮಲಬದ್ಧತೆ. ಥೈರಾಯ್ಡ್ ಟೆಸ್ಟಲ್ಲಿ ಟಿಎಸ್‌ಎಚ್ 24 ಬಂದಿದೆ, ಜಾಸ್ತಿಯಂತೆ. ಇದ್ರಲ್ಲಿ ಅಯೋಡಿನ್ ಇದೆಯಂತೆ, ಪಕ್ಕದ ಮನೆಯವ್ರು ಅಯೋಡಿನ್ ಉಪ್ಪು ಬಿಟ್ಟು ಕಲ್ಲುಪ್ಪು ಹಾಕ್ಕೊಳ್ಳಿ ಅಂದ್ರು. - ಮೈಸೂರು

ಉತ್ತರ: ಉಪ್ಪು ಬದಲಾಯಿಸಿ ಏನೂ ಪ್ರಯೋಜನ ಇಲ್ಲಮ್ಮ, ಲೆಕ್ಕ ನೋಡಿ. ನಮಗೆ ದಿನಕ್ಕೆ ಬೇಕಾಗಿರೋ ಅಯೋಡಿನ್ 150 ಮೈಕ್ರೋಗ್ರಾಂ. ಒಂದು 200ರ ಮಾತ್ರೇಲಿ ಇರೋದು ಸುಮಾರು 75 ಮಿಲಿಗ್ರಾಂ, ಅದ್ರಲ್ಲಿ ದಿನಾ 6 ಮಿಲಿಗ್ರಾಂ ಮೈಗೆ ಬಿಡುಗಡೆ ಆದ್ರೂ ಬೇಕಾದ್ದಕ್ಕಿಂತ 40 ಪಟ್ಟು. ಅದರ ಮುಂದೆ ಸಾರಿಗೆ ಹಾಕೋ ಉಪ್ಪು ಯಾವ ಮೂಲೆಗೆ?

ನಿಮ್ಮ ಲಕ್ಷಣಕ್ಕೂ ರಿಪೋರ್ಟ್‌ಗೂ ತಾಳೆ ಆಗ್ತಿದೆ, ಥೈರಾಯ್ಡ್ ನಿಧಾನ ಆಗಿರ್ಬೇಕು, ಟಿ4 ಅನ್ನೋ ಥೈರಾಯ್ಡ್ ಹಾರ್ಮೋನ್ ಕೂಡ ನೋಡಿ ಡಾಕ್ಟರು ಆ ಹಾರ್ಮೋನಿನ ಮಾತ್ರೆ ಥೈರಾಕ್ಸಿನ್ ಕೊಡಬಹುದು. ಹಾರ್ಟ್‌ಗೆ ಅಮಿಯೊಡರೋನ್ ಬೇಕೇ ಬೇಕು ಅಂತಿದ್ರೆ ಎರಡೂ ಒಟ್ಟಿಗೆ ನಡೆಯುತ್ತೆ, ನಿಲ್ಲಿಸಲೇಬೇಕು ಅಂತೇನಿಲ್ಲ. ಇನ್ನು ಕೆಲವರಿಗೆ ಉಲ್ಟಾ, ಥೈರಾಯ್ಡ್ ಜೋರಾಗುತ್ತೆ, ತೂಕ ಇಳಿಯುತ್ತೆ, ಕೈ ನಡುಗುತ್ತೆ, ಸುಮ್ನಿದ್ದ ಬಡಿತ ಮತ್ತೆ ಕೆರಳುತ್ತೆ. ಅದು ಹೆಚ್ಚು ಅಪಾಯ. ಅದಕ್ಕೇ ಶುರು ಮಾಡೋ ಮುಂಚೆ ಒಂದ್ಸಲ, ಆಮೇಲೆ ಆರು ತಿಂಗಳಿಗೊಮ್ಮೆ ಥೈರಾಯ್ಡ್ ಮತ್ತೆ ಲಿವರ್ ಟೆಸ್ಟ್, ವರ್ಷಕ್ಕೊಮ್ಮೆ ಎದೆ ಎಕ್ಸ್‌ರೇ, ಇಸಿಜಿ. ಮಾತ್ರೆ ನಿಲ್ಲಿಸಿದ ಮೇಲೂ ಥೈರಾಯ್ಡ್ ಮೇಲೆ ಕಣ್ಣಿರಲಿ, ಯಾಕಂದ್ರೆ ಇದು ಕೊಬ್ಬಿನಲ್ಲಿ ಸೇರ್ಕೊಂಡು ಕೂತಿರುತ್ತೆ, ಮೈಯಲ್ಲಿರೋದ್ರಲ್ಲಿ ಅರ್ಧ ಹೊರಗೆ ಹೋಗೋಕೇ ಸರಾಸರಿ 58 ದಿನ ಬೇಕು.

ಪ್ರಶ್ನೆ: ನಮ್ಮದು ದೇವನಹಳ್ಳಿ, ಹಿತ್ತಲಲ್ಲೇ ಚಕ್ಕೋತದ ಮರ ಇದೆ. ಅಜ್ಜಿಗೆ ಹೊಸದಾಗಿ ಈ ಮಾತ್ರೆ ಕೊಟ್ಟಿದ್ದಾರೆ, ಜೊತೆಗೆ ರಕ್ತ ತೆಳು ಮಾಡೋ ಹಳೇ ಅಸಿಟ್ರಾಮ್ ಮಾತ್ರೆ ಇದೆ. ಹಣ್ಣು ತಿನ್ಬಹುದಾ?

ಉತ್ತರ: ಚಕ್ಕೋತ ಬೇಡ. ಗ್ರೇಪ್‌ಫ್ರೂಟ್ ಜೊತೆ ಈ ಮಾತ್ರೆ ತಗೋಬಾರ್ದು, ಅದು ಕರುಳಲ್ಲಿ ಔಷಧಿ ಕರಗಿಸೋ ಕಿಣ್ವಾನ ತಡೆದು ರಕ್ತದಲ್ಲಿ ಔಷಧಿ ಮಟ್ಟ ಏರಿಸುತ್ತೆ, ಚಕ್ಕೋತ ಅದೇ ಕುಟುಂಬದ್ದು, ಅದ್ರಲ್ಲೂ ಅದೇ ಗುಣದ ಅಂಶ ಇದೆ. ದೇವನಹಳ್ಳಿಯವ್ರಿಗೆ ಹೀಗೆ ಹೇಳೋಕೆ ನಂಗೂ ಬೇಜಾರೇ.

ಆದ್ರೆ ಹಣ್ಣಿಗಿಂತ ನನಗೆ ಚಿಂತೆ ಇರೋದು ಅಸಿಟ್ರಾಮ್ ಮೇಲೆ. ಅಮಿಯೊಡರೋನ್ ಸೇರಿದ್ರೆ ರಕ್ತ ತೆಳು ಮಾಡೋ ಇಂಥ ಮಾತ್ರೆಗಳ ಪ್ರಭಾವ ಜಾಸ್ತಿ ಆಗುತ್ತೆ, ಅದೂ ತಕ್ಷಣ ಅಲ್ಲ, ವಾರಗಟ್ಟಲೆ ಮೆಲ್ಲಗೆ ಏರ್ತಾ ಹೋಗುತ್ತೆ. ಮೊದಲ ವಾರ ಐಎನ್‌ಆರ್ (ರಕ್ತ ಹೆಪ್ಪುಗಟ್ಟೋಕೆ ಎಷ್ಟು ಹೊತ್ತು ಬೇಕು ಅಂತ ನೋಡೋ ಟೆಸ್ಟ್) ಸರಿ ಬಂತು ಅಂತ ಬಿಟ್ಬಿಟ್ರೆ ಐದನೇ ವಾರ ವಸಡಲ್ಲಿ ರಕ್ತ, ಕಪ್ಪು ಮಲ. ಅಸಿಟ್ರಾಮ್ ಡೋಸ್‌ನಲ್ಲಿ ಮೂರನೇ ಒಂದು ಭಾಗ, ಕೆಲವರಿಗೆ ಅರ್ಧದಷ್ಟು ಕಮ್ಮಿ ಮಾಡ್ಬೇಕಾಗುತ್ತೆ, ಡಾಕ್ಟರು ಇಳಿಸ್ಬೇಕು ನೀವಲ್ಲ. ಮೊದಲ ಎರಡು ತಿಂಗಳು ವಾರಕ್ಕೊಂದು ಐಎನ್‌ಆರ್ ಮಾಡಿಸಿ. ಹಾರ್ಟ್ ಮಾತ್ರೆ ಡಿಗಾಕ್ಸಿನ್ ಇದ್ರೆ ಅದನ್ನೂ ಸುಮಾರು ಅರ್ಧಕ್ಕೆ ಇಳಿಸ್ತಾರೆ, ಕೊಲೆಸ್ಟ್ರಾಲ್ ಮಾತ್ರೆ ಸಿಮ್ವಾಸ್ಟಾಟಿನ್ ದಿನಕ್ಕೆ 20 ಮಿಲಿಗ್ರಾಂ ದಾಟಬಾರ್ದು. ನೆಗಡಿ ಅಂತ ಮೆಡಿಕಲ್‌ನಿಂದ ಅಜಿಥ್ರೋಮೈಸಿನ್ ಅನ್ನೋ ಆಂಟಿಬಯೋಟಿಕ್ ತಂದು ಕೊಡೋ ಅಭ್ಯಾಸ ಇದ್ರೆ ಇವತ್ತೇ ಬಿಡಿ, ಎರಡೂ ಸೇರಿದ್ರೆ ಬಡಿತ ಅಪಾಯಕ್ಕೆ ತಿರುಗಬಹುದು.

ಪ್ರಶ್ನೆ: ಮಾತ್ರೆ ತಗೊಳ್ಳೋಕೆ ಶುರು ಮಾಡಿದ್ಮೇಲೆ ತೋಟದಲ್ಲಿ ಒಂದು ಗಂಟೆ ನಿಂತ್ರೂ ಮುಖ ಸುಡುತ್ತೆ. ರಾತ್ರಿ ಗಾಡಿ ಓಡಿಸೋವಾಗ ಎದುರಿನ ಲೈಟ್ ಸುತ್ತ ಬಳೆ ತರ ಕಾಣುತ್ತೆ. - ಮೂಡಿಗೆರೆ

ಉತ್ತರ: ಎರಡೂ ಇದರದ್ದೇ ಇರಬಹುದು. ಲೈಟ್ ಸುತ್ತ ಬಳೆ ಕಾಣೋದು ಸಾಮಾನ್ಯವಾಗಿ ಕಣ್ಣಿನ ಮುಂದಿನ ಪದರದಲ್ಲಿ ಔಷಧಿ ಕಣ ಕೂತಿದ್ರಿಂದ, ದೃಷ್ಟಿಗೆ ಅಷ್ಟೇನೂ ತೊಂದರೆ ಇಲ್ಲ, ಆದ್ರೂ ಒಂದ್ಸಲ ಕಣ್ಣಿನ ಡಾಕ್ಟರಿಗೆ ತೋರಿಸಿ. ದೃಷ್ಟಿ ಮಂಜಾದ್ರೆ ಮಾತ್ರ ಅಪಾಯಿಂಟ್‌ಮೆಂಟ್‌ಗೆ ಕಾಯದೆ ಅವತ್ತೇ ಹೋಗಿ. ಬಿಸಿಲಿಗೆ ತುಂಬು ತೋಳಿನ ಅಂಗಿ, ಅಗಲ ಟೋಪಿ, ಜಿಂಕ್ ಆಕ್ಸೈಡ್ ಇರೋ ಸನ್‌ಸ್ಕ್ರೀನ್. ಕಾರಿನ ಪಕ್ಕದ ಗಾಜು ಚರ್ಮ ಸುಡೋ ಬಿಸಿಲಿನ ಕಿರಣಾನ ಪೂರ್ತಿ ತಡೆಯಲ್ಲ, ಗಾಡಿ ಓಡಿಸೋವಾಗಲೂ ಹಚ್ಕೊಳ್ಳಿ.